ಸೊಸೈಟಿಯ ಟೆರೇಸಿನಿಂದ ಮಾನ್‌ಖುರ್ದ್‌ವರೆಗೆ

(ಮುಂಬಯಿಯ ಕನ್ನಡ ಸಂಘವೊಂದರಲ್ಲಿ ಎಂಟರಿಂದ ಹತ್ತನೇ ತರಗತಿಯ ಮಕ್ಕಳು ಮತ್ತು ಅವರ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ.)

ಡಿಸೆಂಬರ್ ಕೊನೆಯ ವಾರದಲ್ಲಿ ಮುಂಬಯಿಯ ಆಕಾಶದಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಎಷ್ಟು ಗಂಟೆಗೆ? ಮುಂದಿನ ಎರಡು ಸಾಲಿನ ಮಕ್ಕಳೆಲ್ಲ ಒಟ್ಟಿಗೇ ಹನ್ನೆರಡು ಎಂದಿರಿ. ಹಿಂದೆ ಕೂತ ಅಪ್ಪ ಅಮ್ಮಂದಿರೂ ತಲೆಯಾಡಿಸಿದಿರಿ. ಉತ್ತರ 12 ಗಂಟೆ 38 ನಿಮಿಷ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಮುಂಬಯಿ ಇರುವುದು 72.9ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ ಒಂಬತ್ತೂವರೆ ಡಿಗ್ರಿಗೆ 38 ನಿಮಿಷ ತಡ. ಈ ಲೆಕ್ಕ ನಿಮ್ಮ ಭೂಗೋಳದ ಪುಸ್ತಕದಲ್ಲಿದೆ. ನೀವದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೀರಿ. ಆದರೆ ಅದು ನಿಮ್ಮ ಕಟ್ಟಡದ ಮೇಲಿನ ಸೂರ್ಯನ ಮಾತು ಎಂದು ಯಾರಿಗೂ ಹೊಳೆದಿರಲಿಲ್ಲ.

ಸಂಘದವರು ಕೇಳಿದ್ದು ವಿಜ್ಞಾನ ಕಲಿಯುವ ಮಕ್ಕಳಿಗಿರುವ ಅವಕಾಶಗಳ ಪಟ್ಟಿ: ಯಾವ ಪರೀಕ್ಷೆ, ಯಾವ ಶಿಬಿರ, ಎಲ್ಲಿ ಫಾರಂ. ಕೊಡುತ್ತೇನೆ, ಆದರೆ ಅರ್ಧ ದಾರಿ ಕಳೆದ ಮೇಲೆ. ಈ ಊರಿನಲ್ಲಿ ಅವಕಾಶಕ್ಕೆ ಬರವಿಲ್ಲ. ಬರ ಇರುವುದು ಒಂದು ಅಳತೆಯನ್ನು ತಾನೇ ಮಾಡಿ, ತಪ್ಪಿ, ಮತ್ತೆ ಮಾಡಿದ ಮಕ್ಕಳಿಗೆ. ಮೇಲಿನ ಹಂತದ ಪರೀಕ್ಷೆಗಳೆಲ್ಲ ಹುಡುಕುವುದು ಅಂಥವರನ್ನೇ. ಹಾಗಾಗಿ ಮೊದಲು ವಿಜ್ಞಾನ ಕ್ಲಬ್ಬಿನ ಮಾತು.

ಕ್ಲಬ್ಬು ಎಂದರೆ ಐದಾರು ಮಕ್ಕಳು, ಶನಿವಾರ ಎರಡು ಗಂಟೆ, ಒಂದು ದಪ್ಪ ನೋಟ್‌ಬುಕ್. ಅಷ್ಟೇ. ಹತ್ತು ಮಂದಿಯಾದರೆ ನಾಲ್ವರು ಮಾಡುತ್ತಾರೆ, ಆರು ಮಂದಿ ಮೊಬೈಲ್ ನೋಡುತ್ತಾರೆ. ಉದ್ಘಾಟನೆಗೆ ಬ್ಯಾನರ್ ಬರೆಸಬೇಡಿ. ಬ್ಯಾನರ್ ಇರುವ ಕ್ಲಬ್ಬುಗಳು ಮೂರನೇ ಶನಿವಾರ ದಾಟುವುದು ಅಪರೂಪ. ನೋಟ್‌ಬುಕ್ಕಿಗೆ ಒಂದೇ ನಿಯಮ: ಪೆನ್ನಿನಲ್ಲಿ ಬರೆಯಬೇಕು, ತಪ್ಪಾದ ಸಂಖ್ಯೆಯ ಮೇಲೆ ಒಂದು ಗೆರೆ ಎಳೆಯಬೇಕು, ಆ ಸಂಖ್ಯೆ ಓದಲು ಬರುವಂತೆ ಉಳಿಯಬೇಕು. ರಬ್ಬರ್ ಮನೆಯಲ್ಲಿರಲಿ. ತಪ್ಪು ಎಂದುಕೊಂಡ ಸಂಖ್ಯೆಯೇ ಸರಿಯಾಗಿತ್ತು ಎಂದು ಎರಡು ವಾರದ ನಂತರ ತಿಳಿಯುವುದುಂಟು.

ಇನ್ನು ಏನು ಮಾಡುವುದು? ಮುಂಬಯಿ ಕನ್ನಡಿಗರ ಮಕ್ಕಳಿಗಷ್ಟೇ ಸುಲಭವಾದ ಒಂದು ಪ್ರಯೋಗ ಇದೆ. ಬೇರೆಯವರು ಇದಕ್ಕಾಗಿ ದೂರದ ಊರಿನ ಶಾಲೆಗೆ ಕಾಗದ ಬರೆದು ಜೊತೆಗಾರರನ್ನು ಹುಡುಕಬೇಕು. ನಿಮಗೆ ಊರಲ್ಲಿ ಅಜ್ಜಿಮನೆ ಇದೆ. ಭೂಮಿಯ ಸುತ್ತಳತೆ ಅಳೆಯುವ ಪ್ರಯೋಗ ಇದು. ಎರಾಟೊಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಈಜಿಪ್ಟಿನ ಎರಡು ಊರುಗಳ ನೆರಳಿನ ವ್ಯತ್ಯಾಸದಿಂದ ಇದನ್ನು ಮಾಡಿದ. ನಮಗೆ ಆ ಎರಡು ಊರು ಮುಂಬಯಿ ಮತ್ತು ಉಡುಪಿ. ಮುಂಬಯಿಯ ಅಕ್ಷಾಂಶ 19.07, ಉಡುಪಿಯದು 13.34. ರೇಖಾಂಶದಲ್ಲಿ ಎರಡಕ್ಕೂ ಎರಡು ಡಿಗ್ರಿಯಷ್ಟೂ ಅಂತರವಿಲ್ಲ, ಹೆಚ್ಚುಕಡಿಮೆ ಒಂದರ ಕೆಳಗೆ ಇನ್ನೊಂದು. ಕ್ರಿಸ್ಮಸ್ ರಜೆಯಲ್ಲಿ ಅರ್ಧ ಜನ ಊರಿಗೆ ಹೋಗಿರುತ್ತೀರಿ, ಅರ್ಧ ಜನ ಇಲ್ಲೇ ಇರುತ್ತೀರಿ. ಆಕಾಶವೂ ಶುಭ್ರ. ಇನ್ನೇನು ಬೇಕು?

ಬೇಕಾದದ್ದು ಹೇಳುತ್ತೇನೆ, ಬರೆದುಕೊಳ್ಳಿ. ವೈರಿಂಗಿಗೆ ಬಳಸುವ ಪಿವಿಸಿ ಪೈಪು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಅದನ್ನು ನಿಲ್ಲಿಸಲು ಮರಳು ತುಂಬಿದ ಡಬ್ಬ. ದಾರಕ್ಕೆ ಕಟ್ಟಿದ ಕಬ್ಬಿಣದ ನಟ್ಟು, ಅದೇ ನಿಮ್ಮ ತೂಗುಗುಂಡು. ಗಾರೆಯವರ ರಸಮಟ್ಟ. ಮೂರು ಮೀಟರ್ ಟೇಪು. ಪ್ಲೈವುಡ್ ಹಲಗೆ, ಅದರ ಮೇಲೆ ಅಂಟಿಸಲು ಬಿಳಿ ಕಾಗದ. ಗಟ್ಟಿ ರಟ್ಟಿನ ತುಂಡಿನಲ್ಲಿ 5 ಮಿಲಿಮೀಟರ್ ತೂತು ಕೊರೆದು ಪೈಪಿನ ತುದಿಗೆ ಟೇಪಿನಿಂದ ಅಂಟಿಸಿ, ತೂತಿನ ನಡುಭಾಗ ಹಲಗೆಯಿಂದ ಸರಿಯಾಗಿ 100 ಸೆಂಟಿಮೀಟರ್ ಎತ್ತರದಲ್ಲಿರಲಿ. ತೂತಿನಿಂದ ತೂಗುಗುಂಡು ಬಿಟ್ಟು, ಅದು ಮುಟ್ಟುವ ಜಾಗವನ್ನು ಹಲಗೆಯ ಮೇಲೆ ಗುರುತು ಮಾಡಿ. ಎಲ್ಲ ಅಳತೆಯೂ ಆ ಗುರುತಿನಿಂದ.

ತೂತು ಯಾಕೆ, ಕೋಲಿನ ನೆರಳು ಸಾಲದೆ ಎಂದು ಒಬ್ಬರು ಕೇಳುತ್ತಿದ್ದೀರಿ. ಸಾಲದು. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ಒಂದು ಮೀಟರ್ ಕೋಲಿನ ನೆರಳಿನ ತುದಿ ಡಿಸೆಂಬರಿನಲ್ಲಿ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಉದ್ದಕ್ಕೆ ಮಸುಕಾಗಿರುತ್ತದೆ. ಒಬ್ಬ ಇಲ್ಲಿ ಎನ್ನುತ್ತಾನೆ, ಇನ್ನೊಬ್ಬಳು ಅಲ್ಲಿ ಎನ್ನುತ್ತಾಳೆ. ತೂತಿನಿಂದ ಬೀಳುವ ಬೆಳಕಿನ ಅಂಡಾಕಾರದ ಚುಕ್ಕೆಯ ನಡುಭಾಗವನ್ನು ಗುರುತಿಸುವಾಗ ಈ ಜಗಳ ಇರುವುದಿಲ್ಲ.

ಮುಂಬಯಿಯಲ್ಲಿ 12:15ರಿಂದ 1 ಗಂಟೆಯವರೆಗೆ, ಉಡುಪಿಯಲ್ಲಿ 12:10ರಿಂದ 12:55ರವರೆಗೆ, ಐದೈದು ನಿಮಿಷಕ್ಕೆ ಚುಕ್ಕೆಯ ನಡುವನ್ನು ಗುರುತಿಸಿ, ಪಕ್ಕದಲ್ಲಿ ಸಮಯ ಬರೆಯಿರಿ. ನೆರಳು, ಅಂದರೆ ತೂಗುಗುಂಡಿನ ಗುರುತಿನಿಂದ ಚುಕ್ಕೆಯ ನಡುವಿಗೆ ಇರುವ ದೂರ, ಅತಿ ಗಿಡ್ಡವಾದ ಗಳಿಗೆಯೇ ಆ ಊರಿನ ನಡುಹಗಲು. ಉಡುಪಿಯಲ್ಲಿ ಅದು 12:31ರ ಸುಮಾರಿಗೆ ಬರುತ್ತದೆ. ಆ ಹೊತ್ತಿಗೆ ನೆರಳಿನ ಉದ್ದ ನಿಧಾನಕ್ಕೆ ಬದಲಾಗುವುದರಿಂದ ಎರಡು ಮೂರು ನಿಮಿಷ ಹಿಂದೆಮುಂದೆ ಆದರೂ ನಷ್ಟವಿಲ್ಲ. ಆದರೆ 12 ಗಂಟೆ ಹೊಡೆದ ಕೂಡಲೆ ಅಳೆದು ಊಟಕ್ಕೆ ಓಡಿದರೆ ಮುಂಬಯಿಯ ನೆರಳು 3 ಸೆಂಟಿಮೀಟರ್ ಉದ್ದ ಸಿಗುತ್ತದೆ.

ಡಿಸೆಂಬರ್ 25ಕ್ಕೆ ಮುಂಬಯಿಯಲ್ಲಿ ಸುಮಾರು 91.6, ಉಡುಪಿಯಲ್ಲಿ 74.7 ಸೆಂಟಿಮೀಟರ್ ಬರಬೇಕು. ಟ್ಯಾನ್ ಗೊತ್ತಿರುವ ಹತ್ತನೆಯವರು ಕೋನ ತೆಗೆಯಿರಿ: 42.5 ಮತ್ತು 36.8. ಎಂಟನೆಯವರು ಗ್ರಾಫ್ ಹಾಳೆಯಲ್ಲಿ ತ್ರಿಕೋನ ಬರೆದು ಕೋನಮಾಪಕದಲ್ಲಿ ಅಳೆಯಿರಿ, ಅದೂ ನಡೆಯುತ್ತದೆ. ವ್ಯತ್ಯಾಸ 5.7 ಡಿಗ್ರಿ. ಭೂಮಿಯ ಇಡೀ ಸುತ್ತಿನ 360 ಡಿಗ್ರಿಯಲ್ಲಿ ಎರಡು ಊರಿನ ನಡುವಿನ ಪಾಲು ಅಷ್ಟು. 360ರಲ್ಲಿ 5.7 ಎಷ್ಟು ಬಾರಿ ಹೋಗುತ್ತದೋ ಅಷ್ಟನ್ನು ಎರಡು ಊರಿನ ತೆಂಕು-ಬಡಗು ದೂರಕ್ಕೆ, ಅಂದರೆ 636 ಕಿಲೋಮೀಟರಿಗೆ ಗುಣಿಸಿ. ಸುಮಾರು 40,000 ಕಿಲೋಮೀಟರ್.

ಇಲ್ಲಿ ದೂರದ್ದೇ ದೊಡ್ಡ ಎಡವಟ್ಟು. ಕೊಂಕಣ ರೈಲಿನ ದಾರಿಯ ಉದ್ದ ಎಂದು 800 ಕಿಲೋಮೀಟರ್ ಹಾಕಿದರೆ ಭೂಮಿ 50 ಸಾವಿರಕ್ಕೆ ಉಬ್ಬುತ್ತದೆ. ನಕಾಶೆಯಲ್ಲಿ ಎರಡು ಊರಿಗೆ ನೇರ ಗೆರೆ ಎಳೆದರೂ ತಪ್ಪೇ, ಅದು ಓರೆ ಗೆರೆ. ಮುಂಬಯಿಯಿಂದ ನೇರ ದಕ್ಷಿಣಕ್ಕೆ ಇಳಿದು ಉಡುಪಿಯ ಅಕ್ಷಾಂಶದಲ್ಲಿ ನಿಲ್ಲಬೇಕು. ಆ ಬಿಂದು ಉಡುಪಿಯಿಂದ 200 ಕಿಲೋಮೀಟರ್ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದ ನಡುವೆ ಬೀಳುತ್ತದೆ. ಗಾಬರಿಯಾಗಬೇಡಿ. ನಕಾಶೆ ಮಾಡಿದವರಿಗೆ ಭೂಮಿಯ ಗಾತ್ರ ಮೊದಲೇ ಗೊತ್ತಿತ್ತಲ್ಲ, ಹಾಗಾದರೆ ನಾವು ಅಳೆದದ್ದೇನು ಎಂದು ಯಾರಾದರೂ ಕೇಳಿದರೆ ಆ ಹುಡುಗಿಯನ್ನು ಕ್ಲಬ್ಬಿನ ಮುಖ್ಯಸ್ಥೆ ಮಾಡಿ. ಕೇಳಬೇಕಾದ ಪ್ರಶ್ನೆ ಅದು. ನಮ್ಮ ಸ್ವಂತ ಅಳತೆ ಕೋನ ಮಾತ್ರ, ದೂರ ಸಾಲ ತಂದದ್ದು ಎಂದು ವರದಿಯಲ್ಲಿ ಬರೆಯಿರಿ.

ಎರಡನೇ ಎಡವಟ್ಟು ನಮ್ಮ ಟೆರೇಸಿನದು. ಮುಂಬಯಿಯ ಟೆರೇಸುಗಳಿಗೆ ಮಳೆನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. 100ಕ್ಕೆ 1ರ ಇಳಿಜಾರು ಎಂದರೆ 0.57 ಡಿಗ್ರಿ, ನೀವು ಹುಡುಕುವ 5.7ರ ಹತ್ತನೇ ಒಂದು ಭಾಗ. ಇಳಿಜಾರು ತೆಂಕು-ಬಡಗು ದಿಕ್ಕಿಗೇ ಇದ್ದರೆ ಭೂಮಿಯ ಲೆಕ್ಕ 4,000 ಕಿಲೋಮೀಟರ್ ತಪ್ಪುತ್ತದೆ. ಹಲಗೆಯ ಕೆಳಗೆ ಮಡಿಸಿದ ಕಾಗದ ತುರುಕಿ, ರಸಮಟ್ಟವನ್ನು ಎರಡು ದಿಕ್ಕಿಗೂ ಇಟ್ಟು ಸರಿಮಾಡಿ. ಟೆರೇಸಿನ ಕೀಲಿಗೆ ಸೊಸೈಟಿಯ ಸೆಕ್ರೆಟರಿಯವರನ್ನು ಒಂದು ವಾರ ಮೊದಲೇ ಕೇಳಿಡಿ. ಇಡೀ ಪ್ರಯೋಗದಲ್ಲಿ ಕಷ್ಟದ ಹಂತ ಬಹುಶಃ ಅದೇ.

ನೆರಳಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಉತ್ತರದಲ್ಲಿ ನೂರಕ್ಕೆ ಐದರಷ್ಟು, ಅಂದರೆ 2,000 ಕಿಲೋಮೀಟರ್ ತಪ್ಪು. ನಿಮ್ಮ ಉತ್ತರ 38 ಸಾವಿರ ಬಂದರೆ ಅದು ಸೋಲಲ್ಲ, ನಿಮ್ಮ ಒಂದು ಸೆಂಟಿಮೀಟರಿನ ಬೆಲೆ. ಈ ಒಂದು ವಾಕ್ಯ ನಿಜವಾಗಿ ಅರ್ಥವಾದ ಹುಡುಗನಿಗೆ ಮುಂದೆ ಹೇಳುವ ಪರೀಕ್ಷೆಗಳಲ್ಲಿ ಅರ್ಧ ಕೆಲಸ ಮುಗಿಯಿತು.

ಮಳೆಗಾಲದಲ್ಲಿ ಸೂರ್ಯನನ್ನು ನಂಬಿ ಕೂರುವಂತಿಲ್ಲ. ಆಗ ಹಣ್ಣಿನ ನೊಣ ಸಾಕಿ. ನಗಬೇಡಿ, ತಳಿಶಾಸ್ತ್ರದ ದೊಡ್ಡ ಪಾಲು ನಿಂತಿರುವುದು ಈ ನೊಣದ ಮೇಲೆ, ಮೈಸೂರು ವಿಶ್ವವಿದ್ಯಾಲಯದಲ್ಲಿ ಇದರ ತಳಿಗಳ ಸಂಗ್ರಹವೇ ಇದೆ. ಗಾಜಿನ ಬಾಟಲಿಯಲ್ಲಿ ಕಳಿತ ಬಾಳೆಹಣ್ಣಿನ ತುಂಡು, ಬಾಯಿಗೆ ಕಾಗದದ ಆಲಿಕೆ. ಒಂದೆರಡು ದಿನದಲ್ಲಿ ನೊಣ ಸೇರುತ್ತವೆ. ಆಲಿಕೆ ತೆಗೆದು ಹತ್ತಿ ಬಟ್ಟೆ ಕಟ್ಟಿ. ಪ್ರಯೋಗಾಲಯದವರ ಊಟದ ಅಳತೆ ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ರವೆ, 10 ಗ್ರಾಂ ಅಗರ್. ತುಪ್ಪ ಹಾಕದ ಸಜ್ಜಿಗೆ ಎಂದುಕೊಳ್ಳಿ. ನಿಮಗೆ ಇದರ ಹತ್ತನೇ ಒಂದು ಸಾಕು, ಅಗರ್ ಬದಲು ಕಿರಾಣಿ ಅಂಗಡಿಯ ಚೈನಾ ಗ್ರಾಸ್ ಆದೀತು. ಬೂಷ್ಟು ತಡೆಯಲು ಅವರು ಪ್ರೊಪಿಯಾನಿಕ್ ಆಮ್ಲ ಸೇರಿಸುತ್ತಾರೆ. ಅದು ಮನೆಯಲ್ಲಿ ಬೇಡ. ಬೂಷ್ಟು ಕಂಡರೆ ನೊಣಗಳನ್ನು ಹೊಸ ಬಾಟಲಿಗೆ ದಾಟಿಸಿ. ಇರುವೆ ಬಾರದಂತೆ ಬಾಟಲಿಯನ್ನು ನೀರಿನ ತಟ್ಟೆಯಲ್ಲಿಡಿ. 25 ಡಿಗ್ರಿಯಲ್ಲಿ ಮೊಟ್ಟೆಯಿಂದ ನೊಣವಾಗಲು ಸುಮಾರು 10 ದಿನ. ಒಂದು ಬಾಟಲಿ ಅಡುಗೆಮನೆಯಲ್ಲಿ, ಇನ್ನೊಂದು ತಂಪಾದ ಮೂಲೆಯಲ್ಲಿ ಇಟ್ಟು, ದಿನಾ ಉಷ್ಣತೆ ಬರೆದು, ಎಷ್ಟನೇ ದಿನ ಮೊದಲ ನೊಣ ಹೊರಬಂತು ನೋಡಿ. ಮಾನ್‌ಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ‘ಕ್ಯೂಬ್’ ಎಂಬ ಹೆಸರಿನಲ್ಲಿ ಇಂಥ ಮನೆಮಟ್ಟದ ಜೀವಿಸಾಕಣೆಯ ಪ್ರಯೋಗಗಳನ್ನೇ ಬೆಳೆಸಿದ್ದಾರೆ.

ಈಗ ಪರೀಕ್ಷೆಗಳಿಗೆ ಬರೋಣ. ಮಹಾರಾಷ್ಟ್ರದ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರದ್ದು ಡಾ. ಹೋಮಿ ಭಾಭಾ ಬಾಲವೈಜ್ಞಾನಿಕ ಸ್ಪರ್ಧೆ. ನಡೆಸುವುದು ಗ್ರೇಟರ್ ಬಾಂಬೆ ಸೈನ್ಸ್ ಟೀಚರ್ಸ್ ಅಸೋಸಿಯೇಷನ್, ಆರನೇ ಮತ್ತು ಒಂಬತ್ತನೇ ತರಗತಿಯವರಿಗೆ ಮಾತ್ರ. ಎಂಟನೆಯಲ್ಲಿ ಇರುವವರೇ, ನಿಮಗೆ ಸರಿಯಾಗಿ ಒಂದು ವರ್ಷ ಇದೆ. ಮೊದಲು ಲಿಖಿತ ಪರೀಕ್ಷೆ, ಅದರಲ್ಲಿ ಆಯ್ಕೆಯಾದವರಿಗೆ ಪ್ರಾಯೋಗಿಕ ಪರೀಕ್ಷೆ, ಅದನ್ನೂ ದಾಟಿದವರಿಗೆ ಯೋಜನಾ ಕೆಲಸ ಮತ್ತು ಸಂದರ್ಶನ. ಕೋಚಿಂಗ್ ಕ್ಲಾಸುಗಳು ಮೊದಲ ಹಂತವನ್ನು ಚೆನ್ನಾಗಿಯೇ ದಾಟಿಸುತ್ತವೆ. ಮಕ್ಕಳು ಉದುರುವುದು ಎರಡನೆಯದರಲ್ಲಿ.

ಯಾಕೆ ಉದುರುತ್ತಾರೆ? ಲೋಲಕವನ್ನೇ ತೆಗೆದುಕೊಳ್ಳಿ. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು 2 ಸೆಕೆಂಡ್. ಒಂದೇ ತೂಗಾಟವನ್ನು ಅಳೆದರೆ ನಿಮ್ಮ ಬೆರಳಿನ ತಡ, ಸುಮಾರು 0.2 ಸೆಕೆಂಡ್, ನೂರಕ್ಕೆ ಹತ್ತರಷ್ಟು ತಪ್ಪು ತರುತ್ತದೆ. 20 ತೂಗಾಟ ಅಳೆದು 20ರಿಂದ ಭಾಗಿಸಿದರೆ ಅದೇ ತಡ ನೂರಕ್ಕೆ ಅರ್ಧಕ್ಕೆ ಇಳಿಯುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಗುಂಡು ಬಿಟ್ಟ ಗಳಿಗೆಯಲ್ಲೇ ‘ಒಂದು’ ಎಂದು ಎಣಿಸಲು ಶುರುಮಾಡುತ್ತಾರೆ. ಆಗ ಇಪ್ಪತ್ತು ಎನ್ನುವಾಗ ಆಗಿರುವುದು 19. ಗುರುತ್ವ ವೇಗೋತ್ಕರ್ಷ 9.8 ಬರುವ ಬದಲು 10.9ರ ಹತ್ತಿರ ಬರುತ್ತದೆ. ‘ಸೊನ್ನೆ’ ಎಂದು ಶುರುಮಾಡಬೇಕು. ದಾರದ ಉದ್ದವನ್ನು ಗುಂಡಿನ ಮೇಲ್ತುದಿಯವರೆಗೆ ಅಳೆಯುತ್ತಾರೆ, ಗುಂಡಿನ ನಡುವಿನವರೆಗೆ ಅಳೆಯಬೇಕು. ಅಳತೆಯ ಸಿಲಿಂಡರನ್ನು ಕೈಯಲ್ಲಿ ಎತ್ತಿ ಹಿಡಿದು ಓದುತ್ತಾರೆ, ಮೇಜಿನ ಮೇಲಿಟ್ಟು ಕಣ್ಣನ್ನು ಬಗ್ಗಿಸಿ ನೀರಿನ ಬಾಗಿದ ಮೈಯ ತಳವನ್ನು ಓದಬೇಕು. ಹತ್ತು ಶನಿವಾರ ಕೈಯಾಡಿಸಿದವರು ಇದನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ಇರುವುದಿಲ್ಲ.

ಒಲಿಂಪಿಯಾಡ್ ಎಂಬ ಮಾತು ಇವತ್ತು ಅಗ್ಗವಾಗಿದೆ. ಶಾಲೆಯಿಂದ ಬರುವ ಚೀಟಿಗಳಲ್ಲಿ ತರಹೇವಾರಿ ಒಲಿಂಪಿಯಾಡ್‌ಗಳಿರುತ್ತವೆ, ಪದಕವೂ ಸಿಗುತ್ತದೆ. ಬರೆಯಬೇಡಿ ಎನ್ನುವುದಿಲ್ಲ. ಆದರೆ ಭಾರತದ ತಂಡಕ್ಕೆ ಹೋಗುವ ದಾರಿ ಬೇರೆ. ನಿಮ್ಮ ವಯಸ್ಸಿನವರಿಗೆ ಅದು ಶುರುವಾಗುವುದು ಎನ್‌ಎಸ್‌ಇಜೆಎಸ್ ಎಂಬ ಕಿರಿಯರ ವಿಜ್ಞಾನ ಪರೀಕ್ಷೆಯಿಂದ. ಭೌತವಿಜ್ಞಾನ ಶಿಕ್ಷಕರ ಸಂಘ ಐಎಪಿಟಿ ಇದನ್ನು ನವೆಂಬರಿನಲ್ಲಿ ನಡೆಸುತ್ತದೆ. ಅದರಲ್ಲಿ ಮೇಲೆ ಬಂದವರಿಗೆ ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಐಎನ್‌ಜೆಎಸ್‌ಒ ಎಂಬ ರಾಷ್ಟ್ರಮಟ್ಟದ ಪರೀಕ್ಷೆ, ಅದರ ನಂತರ ಬೇಸಿಗೆಯಲ್ಲಿ ಮಾನ್‌ಖುರ್ದಿನ ಕೇಂದ್ರದಲ್ಲಿ ಶಿಬಿರ, ಕೊನೆಗೆ ಆರು ಮಂದಿಯ ತಂಡ ಡಿಸೆಂಬರಿನ ಅಂತಾರಾಷ್ಟ್ರೀಯ ಕಿರಿಯರ ವಿಜ್ಞಾನ ಒಲಿಂಪಿಯಾಡಿಗೆ. 2013ರಲ್ಲಿ ಅದು ಪುಣೆಯಲ್ಲೇ ನಡೆದಿತ್ತು.

ಮೂರು ಎಚ್ಚರಿಕೆ. ಹುಟ್ಟಿದ ತಾರೀಖಿನ ಮಿತಿ ಇದೆ, ತರಗತಿಗಿಂತ ಅದೇ ಮುಖ್ಯ. ಅಂತಾರಾಷ್ಟ್ರೀಯ ಹಂತದಲ್ಲಿ ಆ ವರ್ಷದ ಡಿಸೆಂಬರ್ 31ಕ್ಕೆ 16 ತುಂಬಿರಬಾರದು, ಹಾಗಾಗಿ ಹತ್ತನೆಯವರೆಗೆ ಕಾದರೆ ಕೆಲವರಿಗೆ ಬಾಗಿಲೇ ಮುಚ್ಚಿರುತ್ತದೆ. ಎರಡನೆಯದು, ಹೆಸರು ನೋಂದಾಯಿಸುವ ಅವಧಿ ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್. ಅದು ಚೌತಿಯ ಗದ್ದಲದ ಹೊತ್ತು, ಯೂನಿಟ್ ಟೆಸ್ಟಿನ ಹೊತ್ತು, ಆಮೇಲೆ ಅಯ್ಯೋ ಎನ್ನುವವರೇ ಹೆಚ್ಚು. ನಿಮ್ಮ ಶಾಲೆ ಪರೀಕ್ಷಾ ಕೇಂದ್ರವಲ್ಲದಿದ್ದರೆ ಹತ್ತಿರದ ಕೇಂದ್ರವನ್ನು ನೀವೇ ಹುಡುಕಿಕೊಳ್ಳಬೇಕು. ಮೂರನೆಯದು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಈಚಿನ ವರ್ಷಗಳ ಮಾದರಿಯಲ್ಲಿ 60 ಪ್ರಶ್ನೆ, ಎರಡು ಗಂಟೆ. ಒಂದೇ ಉತ್ತರದ ಪ್ರಶ್ನೆಗೆ ಸರಿಯಾದರೆ 3, ತಪ್ಪಾದರೆ 1 ಕಡಿತ. ಶಾಲೆಯಲ್ಲಿ ‘ಏನೂ ಬಿಡಬೇಡ, ಎಲ್ಲ ಬರೆ’ ಎಂದು ಹೇಳಿಕೊಟ್ಟಿದ್ದೀರಲ್ಲ ಅಮ್ಮಂದಿರೇ, ಇಲ್ಲಿ ಆ ಮಾತು ನಡೆಯದು. ಹಳೆಯ ಪ್ರಶ್ನೆಪತ್ರಿಕೆಗಳು ಮಾನ್‌ಖುರ್ದ್ ಕೇಂದ್ರದ ಒಲಿಂಪಿಯಾಡ್ ತಾಣದಲ್ಲಿ ಉಚಿತವಾಗಿವೆ. ಒಂದನ್ನು ಗಡಿಯಾರ ಇಟ್ಟು ಮಾಡಿ ನೋಡಿದರೆ ಕೋಚಿಂಗ್ ಬೇಕೋ ಬೇಡವೋ ಎಂಬುದು ನಿಮಗೇ ತಿಳಿಯುತ್ತದೆ.

ಗಣಿತ ಇಷ್ಟವಾದವರಿಗೆ ಗಣಿತ ಒಲಿಂಪಿಯಾಡಿನ ಮೊದಲ ಹಂತದ ಪರೀಕ್ಷೆ ಐಒಕ್ಯೂಎಂ ಇದೆ. ಮೂರು ಗಂಟೆ, 30 ಪ್ರಶ್ನೆ, ಉತ್ತರವೆಲ್ಲ ಎರಡಂಕಿಯ ಸಂಖ್ಯೆ. ಅದಕ್ಕೆ ಶಾಲೆಯ ಗಣಿತ ಸಾಲದು, ಅದರ ಮಾತೇ ಬೇರೆ ಒಂದು ದಿನಕ್ಕಾಗುತ್ತದೆ. ಕೆವಿಪಿವೈ ಎಂಬ ವಿಜ್ಞಾನ ವಿದ್ಯಾರ್ಥಿವೇತನದ ಬಗ್ಗೆ ಕೇಳಬೇಡಿ, 2022ರಲ್ಲೇ ಅದನ್ನು ಕೇಂದ್ರ ಸರ್ಕಾರದ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಸಿದರು. ಹಳೆಯ ವಾಟ್ಸಾಪ್ ಸಂದೇಶಗಳು ಇನ್ನೂ ಓಡಾಡುತ್ತಿವೆ.

ಶಾಲೆಯ ಮಕ್ಕಳ ಹೊಸ ಐಡಿಯಾಗಳಿಗೆ ನೆರವು ಕೊಡುವ ಇನ್‌ಸ್ಪೈರ್ ಮಾನಕ್ ಮಾತ್ರ ಹೇಳಲೇಬೇಕು, ಏಕೆಂದರೆ ಇದರಲ್ಲಿ ಮಕ್ಕಳು ಅರ್ಜಿ ಹಾಕುವಂತಿಲ್ಲ, ಶಾಲೆಯ ಮುಖ್ಯಸ್ಥರೇ ಹಾಕಬೇಕು. ಒಂದು ಶಾಲೆಯಿಂದ ಐದು ಐಡಿಯಾ. ಆಯ್ಕೆಯಾದರೆ ಮಾದರಿ ಕಟ್ಟಲು 10,000 ರೂಪಾಯಿ ಮಗುವಿನ ಬ್ಯಾಂಕ್ ಖಾತೆಗೆ. ಮಗುವಿನ ಹೆಸರಿನಲ್ಲಿ ಖಾತೆ ಈಗಲೇ ತೆರೆದಿಡಿ. ಐಡಿಯಾ ಯೂಟ್ಯೂಬಿನದಾಗಿದ್ದರೆ ಓದುವವರಿಗೆ ಮೊದಲ ಸಾಲಿಗೇ ತಿಳಿಯುತ್ತದೆ: ಮುಚ್ಚಳ ತೆರೆಯುವ ಕಸದಬುಟ್ಟಿ, ನಡೆದರೆ ಕರೆಂಟು ಕೊಡುವ ಚಪ್ಪಲಿ. ಅದರ ಬದಲು ನಿಮ್ಮ ಅಪ್ಪನ ಹೋಟೆಲಿನ ಅಡುಗೆಮನೆಗೆ ಒಂದು ದಿನ ಹೋಗಿ ನಿಲ್ಲಿ. ದೋಸೆಕಲ್ಲಿನ ಉಷ್ಣತೆ ಸರಿಯಿದೆಯೇ ಎಂದು ಭಟ್ಟರು ನೀರು ಚಿಮುಕಿಸಿ ನೋಡುತ್ತಾರೆ. ಹೊಸಬರಿಗೆ ಅದು ತಿಳಿಯದು. ಅಂಥದೊಂದು ಕಷ್ಟ, ಅದನ್ನು ಅನುಭವಿಸುವವರ ಮಾತು, ಒಂದು ಸರಳ ಉಪಾಯ, ಅಷ್ಟಿದ್ದರೆ ಒಂದು ಪುಟ ತಾನಾಗಿ ತುಂಬುತ್ತದೆ.

ಇಸ್ರೋದ ಯುವಿಕಾ 2019ರಲ್ಲಿ ಶುರುವಾದದ್ದು, ಒಂಬತ್ತನೇ ತರಗತಿಯವರಿಗೆ ಎರಡು ವಾರದ ವಸತಿ ಶಿಬಿರ. ಅದರಲ್ಲಿ ಪಂಚಾಯತ್ ವ್ಯಾಪ್ತಿಯ ಶಾಲೆಗಳ ಮಕ್ಕಳಿಗೆ ಹೆಚ್ಚುವರಿ ಅಂಕ ಇದೆ. ಮುಂಬಯಿಯ ಮಗುವಿಗಿಂತ ಊರಿನಲ್ಲಿರುವ ನಿಮ್ಮ ತಮ್ಮನ ಮಗಳಿಗೆ ಅವಕಾಶ ಹೆಚ್ಚು. ಇವತ್ತೇ ಫೋನ್ ಮಾಡಿ ಹೇಳಿ.

ಕೇಳಿ ನೋಡಿ ಬರುವ ಜಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ‘ಚಾಯ್ ಆಂಡ್ ವೈ’ ಭಾನುವಾರದ ಮಾತುಕತೆ, ಜುಹುವಿನ ಪೃಥ್ವಿ ಥಿಯೇಟರಿನಲ್ಲೂ ಮಾಟುಂಗಾದ ರೂಪಾರೆಲ್ ಕಾಲೇಜಿನಲ್ಲೂ ನಡೆದುಕೊಂಡು ಬಂದಿದೆ, ಟಿಕೆಟ್ಟಿಲ್ಲ. ವರ್ಲಿಯಲ್ಲಿ ನೆಹರೂ ವಿಜ್ಞಾನ ಕೇಂದ್ರ ಇದೆ, ಆದರೆ ನೂರು ಮಕ್ಕಳನ್ನು ಬಸ್ಸಿನಲ್ಲಿ ತುಂಬಿ ಒಯ್ದು ಮೂರು ಗಂಟೆಯಲ್ಲಿ ಓಡಿಸಿದರೆ ಕಾಲುನೋವು ಮಾತ್ರ ಲಾಭ. ನಾಲ್ಕು ಜನ ಹೋಗಿ ಒಂದೇ ಕೋಣೆ ನೋಡಿ. ನಕ್ಷತ್ರಕ್ಕೆ ಮುಂಬಯಿಯಲ್ಲಿ ಖಗೋಲ ಮಂಡಳ, ಪುಣೆಯಲ್ಲಿ 1944ರಿಂದ ಇರುವ ಜ್ಯೋತಿರ್ವಿದ್ಯಾ ಪರಿಸಂಸ್ಥಾ. ಪುಣೆಯವರಿಗೆ ಅದೃಷ್ಟ ಜಾಸ್ತಿ: ಖಗೋಳವಿಜ್ಞಾನ ಕೇಂದ್ರ ಐಯುಕಾದಲ್ಲಿ ಎರಡನೇ ಶನಿವಾರದ ಉಪನ್ಯಾಸ ಇಂಗ್ಲಿಷಿನಲ್ಲೂ ಮರಾಠಿಯಲ್ಲೂ, ಅಲ್ಲಿಯದೇ ಮಕ್ಕಳ ವಿಜ್ಞಾನ ಕೇಂದ್ರ ಮುಕ್ತಾಂಗಣದಲ್ಲಿ ಕೈಕೆಲಸ. ಫೆಬ್ರವರಿ 28ರ ಹೊತ್ತಿಗೆ ಖೋಡದ್ ಹಳ್ಳಿಯ ರೇಡಿಯೊ ದೂರದರ್ಶಕ ಸಾರ್ವಜನಿಕರಿಗೆ ತೆರೆಯುತ್ತದೆ, ತಲಾ 45 ಮೀಟರ್ ಅಗಲದ 30 ತಟ್ಟೆಗಳು. ನಾರಾಯಣಗಾಂವ್ ದಾಟಿ ಹೋಗಬೇಕು, ಬೆಳಗ್ಗೆ ಬೇಗ ಹೊರಡಿ.

ಭಾಷೆಯ ಬಗ್ಗೆ ಒಂದು ಅಡ್ಡಮಾತು. ನಿಮ್ಮಲ್ಲಿ ಕೆಲವರು ಮರಾಠಿ ಮಾಧ್ಯಮ, ಹೆಚ್ಚಿನವರು ಇಂಗ್ಲಿಷ್, ಮನೆಯಲ್ಲಿ ಕನ್ನಡವೋ ತುಳುವೋ. ಮರಾಠಿ ಪುಸ್ತಕದ ‘ಚಾಲ್’ ಕನ್ನಡದಲ್ಲಿ ‘ಜವ’, ‘ತ್ವರಣ’ ನಮ್ಮ ‘ವೇಗೋತ್ಕರ್ಷ’, ‘ವಸ್ತುಮಾನ’ ನಮ್ಮ ‘ದ್ರವ್ಯರಾಶಿ’. ‘ವೇಗ’ ಮಾತ್ರ ಎರಡರಲ್ಲೂ ವೇಗವೇ. ಕ್ಲಬ್ಬಿನ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಮೂರು ಕಾಲಮ್ ಹಾಕಿ ಬರೆಯುತ್ತ ಹೋಗಿ. ಊರಿನ ಅಣ್ಣ ತಂಗಿಯರಿಗೆ ಅಳತೆ ಮಾಡಲು ಫೋನಿನಲ್ಲಿ ಹೇಳಿಕೊಡುವಾಗ ಅದೇ ಬೇಕಾಗುತ್ತದೆ.

ಡಿಸೆಂಬರ್ 25ಕ್ಕೆ ಯಾರು ಊರಲ್ಲಿರುತ್ತೀರಿ, ಯಾರು ಇಲ್ಲಿ? ಹೊರಗೆ ಮೇಜಿನ ಮೇಲೆ ಪುಸ್ತಕ ಇಟ್ಟಿದೆ, ಹೆಸರು ಬರೆಯಿರಿ. ಉಡುಪಿಯೇ ಆಗಬೇಕೆಂದಿಲ್ಲ. ಕುಂದಾಪುರ, ಕಾರ್ಕಳ, ಮಂಗಳೂರು, ಯಾವುದಾದರೂ ಸರಿ, ಅಕ್ಷಾಂಶವನ್ನು ಎರಡು ದಶಮಾಂಶ ಸ್ಥಾನದವರೆಗೆ ಬರೆದುಕೊಂಡು ಬನ್ನಿ. ರಸಮಟ್ಟ ಊರಿನಲ್ಲಿ ಯಾರಾದರೂ ಗಾರೆಯವರ ಹತ್ತಿರ ಸಿಗುತ್ತದೆ. ರಟ್ಟಿನ ತೂತು ಮಾತ್ರ ಇಲ್ಲಿಂದಲೇ ಮಾಡಿಕೊಂಡು ಹೋಗಿ, ಎಲ್ಲರದೂ 5 ಮಿಲಿಮೀಟರೇ ಇರಲಿ.